ಹತ್ತು ಬಾಣಬಿರುಸು, ಒಂದೇ ಆಕಾಶ

ದೀಪಾವಳಿಯ ಮರುದಿನ ದೆಹಲಿಯಲ್ಲಿರುವ ನಮ್ಮ ಫೋನುಗಳ ತುಂಬ ಬಾಣಬಿರುಸಿನ ಚಿತ್ರಗಳು. ಕಡುಗಪ್ಪು ಆಕಾಶ, ಅದರ ಉದ್ದಗಲಕ್ಕೂ ಬೆಳಕಿನ ಹೂಗಳು. ಹೊಗೆಯ ಒಂದೆಳೆಯೂ ಇಲ್ಲ. ಕಿಟಕಿ ತೆರೆದರೆ ಎದುರಿನ ಕಟ್ಟಡವೇ ಮಸುಕು. ಇದು ಹೇಗೆ ಸಾಧ್ಯವೆಂದು ಕೇಳಿದರೆ ಬರುವ ಉತ್ತರ ಒಂದೇ: “ಕಂಪ್ಯೂಟರ್ ಮುಟ್ಟಿಲ್ಲ, ಎಲ್ಲವೂ ಕ್ಯಾಮೆರಾದೊಳಗೇ ಆದದ್ದು.” ಈ ಮಾತನ್ನು ಪ್ರಾಮಾಣಿಕತೆಯ ಮುದ್ರೆಯೆಂಬಂತೆ ಒತ್ತುವ ರೂಢಿಯನ್ನು ನಾವು ಒಪ್ಪಲಾರೆವು.

ಕ್ಯಾಮೆರಾದೊಳಗೆ ಆಗುವುದಾದರೂ ಏನು? ಟ್ರೈಪಾಡ್ ನಿಲ್ಲಿಸಿ, ಐಎಸ್‌ಒ 100ಕ್ಕೆ ಇಳಿಸಿ, ಅಪರ್ಚರನ್ನು ಎಫ್/11ರ ಆಸುಪಾಸಿನಲ್ಲಿಟ್ಟು ಮಲ್ಟಿಪಲ್ ಎಕ್ಸ್‌ಪೋಷರ್ ಆಯ್ದುಕೊಂಡರೆ, ಬೇರೆಬೇರೆ ಗಳಿಗೆಗಳ ಚಿತ್ರಗಳನ್ನು ಯಂತ್ರವೇ ಒಂದರ ಮೇಲೊಂದು ಕೂಡಿಸುತ್ತದೆ. ಕಪ್ಪು ಆಕಾಶ ಆ ಲೆಕ್ಕಕ್ಕೆ ಹೆಚ್ಚೇನೂ ಸೇರಿಸದು. ಬೆಳಕು ಮಾತ್ರ ಕೂಡುತ್ತ ಹೋಗುತ್ತದೆ. ಸರಾಸರಿ ತೆಗೆಯುವ ವಿಧಾನವಾದರೆ ಹೂಗಳು ಮಂಕಾಗುತ್ತವೆ. ದೀಪ ಬೆಳಗಿದ ಕಟ್ಟಡ ಚೌಕಟ್ಟಿನಲ್ಲಿದ್ದರೆ, ಕೂಡಿಸುವ ವಿಧಾನದಲ್ಲಿ ಅದು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಆಗ ಪ್ರತಿ ಬಿಂದುವಿನಲ್ಲೂ ಅತಿ ಪ್ರಖರವಾದುದನ್ನಷ್ಟೇ ಉಳಿಸುವ ವಿಧಾನ ಬೇಕಾಗುತ್ತದೆ. ಹೊಗೆ ಕವಿಯುವ ಮೊದಲೇ ಅಥವಾ ಗಾಳಿ ಅದನ್ನು ಸರಿಸಿದಾಗ ಮಾತ್ರ ಶಟರ್ ಒತ್ತಬಹುದು. ನಡುವೆ ಕ್ಯಾಮೆರಾವನ್ನು ತುಸು ಹೊರಳಿಸಿ ಖಾಲಿ ಮೂಲೆಯನ್ನೂ ತುಂಬಬಹುದು. ಇವೆಲ್ಲ ಮನುಷ್ಯನ ಆಯ್ಕೆಗಳು. ಆಯ್ಕೆ ನಡೆದದ್ದು ಕ್ಯಾಮೆರಾದ ಹೊಟ್ಟೆಯಲ್ಲೋ ಮೇಜಿನ ಮೇಲಿನ ಪರದೆಯಲ್ಲೋ ಎಂಬುದರಿಂದ ಅದರ ಸ್ವರೂಪ ಬದಲಾಗದು. ಇಂದಿನ ಕ್ಯಾಮೆರಾದೊಳಗೆ ಇರುವುದೂ ಕಂಪ್ಯೂಟರೇ ಅಲ್ಲವೇ?

ಶಟರನ್ನು ಹತ್ತು ಸೆಕೆಂಡು ತೆರೆದಿಟ್ಟರೂ ಹಲವು ಕ್ಷಣಗಳು ಕೂಡುತ್ತವೆ, ಅದೂ ಸುಳ್ಳೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲ್ಲಿ ಕೂಡುವುದು ಅಖಂಡವಾದ ಹತ್ತು ಸೆಕೆಂಡು. ಬೆಳಕಿನ ಜೊತೆ ಹೊಗೆಯೂ ಒಳಬರುತ್ತದೆ. ಇಲ್ಲಿ ಒಂದು ಸಂಜೆಯಿಂದ ಬೇಕಾದ ಗಳಿಗೆಗಳನ್ನು ಮಾತ್ರ ಹೆಕ್ಕಿ, ಬೇಡವಾದವನ್ನು ಬಿಡಲಾಗಿದೆ.

ಹಾಗೆಂದು ಈ ತಂತ್ರವೇ ಅಪರಾಧವೆಂಬುದು ನಮ್ಮ ವಾದವಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮರೇ ಒಂದೇ ಫಲಕದ ಮೇಲೆ ಹಲವು ಎಕ್ಸ್‌ಪೋಷರ್ ಮೂಡಿಸಿ, ನಡೆಯುವ ಮನುಷ್ಯನ, ಹಾರುವ ಹಕ್ಕಿಯ ಚಲನೆಯನ್ನು ಬಿಡಿಸಿ ತೋರಿದ. ಅದಕ್ಕೂ ಮೊದಲು, 1860ರ ದಶಕದ ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬಾತ ಗಿರಾಕಿಗಳ ಪಕ್ಕದಲ್ಲಿ ಅವರ ಸತ್ತ ಬಂಧುಗಳ ಛಾಯೆ ಮೂಡಿಸಿ ಹಣ ಮಾಡಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಂಚನೆಯ ಆರೋಪ ಎದುರಿಸಿ ಪಾರಾದನಾದರೂ, ಅವು ಎರಡು ಎಕ್ಸ್‌ಪೋಷರ್‌ಗಳ ಕೈಚಳಕವೆಂದೇ ಇಂದು ಬಹುತೇಕರು ತಿಳಿಯುತ್ತಾರೆ. ಇಬ್ಬರ ನಡುವಿನ ಅಂತರ ಉಪಕರಣದ್ದಲ್ಲ. ಒಬ್ಬ ತಾನು ಮಾಡಿದ್ದನ್ನು ಹೇಳಿದ, ಇನ್ನೊಬ್ಬ ಮುಚ್ಚಿಟ್ಟ.

ಬಾಣಬಿರುಸಿನ ಒಂದು ಚಿತ್ರಕ್ಕೆ ಇಷ್ಟು ಗಂಭೀರತೆ ಏಕೆ? ಪಟಾಕಿಯ ಹೊಗೆ ಇಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ವಿಷಯ. 2018ರ ಅಕ್ಟೋಬರಿನಲ್ಲಿ ಅದು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಅವಕಾಶವಿತ್ತಿತು. ವಾದ ಇನ್ನೂ ಮುಗಿದಿಲ್ಲ. ಅಂಥ ಊರಿನಲ್ಲಿ ಹೊಗೆಯಿಲ್ಲದ ಆಕಾಶದ ಚಿತ್ರ ಬರಿಯ ಅಲಂಕಾರವಾಗಿ ಉಳಿಯದು, ಸಾಕ್ಷಿಯಾಗಿ ನಿಲ್ಲುತ್ತದೆ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಕುಳಿತ ನಮ್ಮ ಹಿರಿಯರು ಅದನ್ನು ನೋಡಿ, “ನಿಮ್ಮಲ್ಲಿ ಗಾಳಿ ಕೆಟ್ಟಿದೆ ಅಂತೀರಲ್ಲ, ಎಷ್ಟು ಚೆನ್ನಾಗಿದೆ!” ಎನ್ನುತ್ತಾರೆ. ಕೆಮ್ಮುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾವು ಆ ಮಾತು ಕೇಳಬೇಕು.

ನಮ್ಮ ಬೇಡಿಕೆ ಸಣ್ಣದು. ಕ್ಯಾಮೆರಾದ ಯಾವ ಗುಂಡಿಯನ್ನಾದರೂ ಒತ್ತಿ, ಎಷ್ಟು ಹೂಗಳನ್ನಾದರೂ ಪೋಣಿಸಿ. ಆದರೆ ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ: ಎಷ್ಟು ಎಕ್ಸ್‌ಪೋಷರ್, ಎಷ್ಟು ನಿಮಿಷಗಳ ಅಂತರದಲ್ಲಿ. ಆ ಸಾಲಿನಿಂದ ಚಿತ್ರದ ಚೆಲುವು ಕುಂದುವುದಾದರೆ, ನಾವು ಮೆಚ್ಚಿದ್ದು ಚೆಲುವನ್ನೇ ಅಲ್ಲ.