125ಎಕ್ಸ್: ಒಂದು ಅರ್ಧಂಬರ್ಧ ಅನುವಾದ

ಸೂಪರ್‌ಜೂಮ್ ಕ್ಯಾಮೆರಾಗಳ ಜಾಹೀರಾತನ್ನು ನಾನು ಅರ್ಧಂಬರ್ಧ ಅನುವಾದ ಎಂದು ಕರೆಯುತ್ತೇನೆ. ವಾಕ್ಯದ ಲಾಭದ ಭಾಗವನ್ನು ಮಾತ್ರ ಅನುವಾದಿಸಿ, ಉಳಿದದ್ದನ್ನು ಮೂಲದಲ್ಲೇ ಬಿಟ್ಟರೆ ಅದನ್ನು ಬೇರೆ ಏನೆನ್ನಬೇಕು? ಅನುವಾದದಿಂದಲೇ ಹೊಟ್ಟೆ ಹೊರೆಯುವವರು ಹೀಗೆ ಮಾಡಿದರೆ ಮರುದಿನ ಕೆಲಸ ಸಿಗುವುದಿಲ್ಲ. ಕ್ಯಾಮೆರಾ ಕಂಪನಿಗಳಿಗೆ ಅಂಥ ಭಯವಿಲ್ಲ.

2018ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ1000 ನೋಡಿ. ಅದರ ಹೆಗ್ಗಳಿಕೆ 125ಎಕ್ಸ್ ಜೂಮ್. ಕೊಳ್ಳುವವರು ಇದನ್ನು '125 ಪಟ್ಟು ಹತ್ತಿರ' ಎಂದು ಓದಿಕೊಳ್ಳುತ್ತಾರೆ. ನಿಜಕ್ಕೂ ಅದು ಲೆನ್ಸಿನ ಅತಿ ಹೆಚ್ಚಿನ ಫೋಕಲ್ ಲೆಂಗ್ತನ್ನು ಅತಿ ಕಡಿಮೆಯದರಿಂದ ಭಾಗಿಸಿದಾಗ ಬರುವ ಸಂಖ್ಯೆ. ಚಿತ್ರ ಎಷ್ಟು ಸ್ಪಷ್ಟ ಎಂಬ ಬಗ್ಗೆ ಅದು ಚಕಾರ ಎತ್ತುವುದಿಲ್ಲ.

ಇನ್ನು ಆ ಪ್ರಸಿದ್ಧ 3000 ಮಿ.ಮೀ. ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 539 ಮಿ.ಮೀ.; ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಗೆ ತಂದಾಗ ಮಾತ್ರ 3000. ಆಗಲಿ, ಒಪ್ಪೋಣ. ಆದರೆ ಪಕ್ಕದಲ್ಲೇ ಇರುವ ಎಫ್/8 ಅನ್ನು ಯಾಕೆ ಅದೇ ಅಳತೆಗೆ ತರುವುದಿಲ್ಲ? ತಂದರೆ ಅದು ಸುಮಾರು ಎಫ್/45 ಆಗುತ್ತದೆ. '3000 ಮಿ.ಮೀ., ಎಫ್/45' ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರೆ ಎಷ್ಟು ಜನ ಕೊಂಡಾರು?

ಸೆನ್ಸರಿನ ಅಳತೆಯಲ್ಲೂ ಇದೇ ಕಥೆ. '1/2.3 ಇಂಚು' ಎಂದರೆ 11 ಮಿ.ಮೀ. ಎನ್ನಿಸಬೇಕು. ಅದರ ಕರ್ಣವನ್ನು ಅಳೆದರೆ ಎಂಟು ಮಿ.ಮೀ. ಕೂಡ ಇಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಟ್ಯೂಬಿನ ಹೊರವ್ಯಾಸದಿಂದ ಬಂದ ಲೆಕ್ಕವಿದು. ಟ್ಯೂಬು ಹೋಯಿತು, ಇಂಚು ಉಳಿಯಿತು. ಈ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ., ಫುಲ್‌ಫ್ರೇಮಿನದು 864.

ಅಂದರೆ ಅದೇ ಎಫ್ ಸಂಖ್ಯೆ, ಅದೇ ಶಟರ್ ವೇಗದಲ್ಲಿ ಚಿಕ್ಕ ಸೆನ್ಸರಿಗೆ ಒಟ್ಟು ಸಿಗುವ ಬೆಳಕು ಮೂವತ್ತರಲ್ಲಿ ಒಂದು ಪಾಲು. ಬೆಳಕು ಕಡಿಮೆಯಾದಷ್ಟೂ ಚಿತ್ರದಲ್ಲಿ ನಾಯ್ಸ್ ಹೆಚ್ಚು. ಅದನ್ನು ಅಳಿಸಲು ಹೊರಟ ಸಾಫ್ಟ್‌ವೇರ್ ಜೊತೆಗೆ ಹಕ್ಕಿಯ ಗರಿಗಳನ್ನೂ ಅಳಿಸಿ, ನುಣ್ಣಗೆ ಗಿಲಾವು ಮಾಡಿದ ಗೋಡೆಯಂತೆ ಮಾಡಿಡುತ್ತದೆ.

ಎರಡನೆಯ ಮಿತಿ ಇನ್ನೂ ಗಟ್ಟಿಯಾದದ್ದು. ಕಿರಿದಾದ ಕಿಂಡಿ ದಾಟುವ ಬೆಳಕು ಹರಡಿಕೊಳ್ಳುತ್ತದೆ. ಶಾಲೆಯಲ್ಲಿ ಓದಿದ ವಿವರ್ತನೆ ಇದೇ. ಎಫ್/8ರಲ್ಲಿ ಒಂದು ಬೆಳಕಿನ ಬಿಂದು ಸುಮಾರು 10.7 ಮೈಕ್ರಾನ್ ಅಗಲದ ಚುಕ್ಕೆಯಾಗುತ್ತದೆ. ಈ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 1.34 ಮೈಕ್ರಾನ್. ಒಂದೇ ಬಿಂದು ಎಂಟು ಪಿಕ್ಸೆಲ್ ಅಗಲಕ್ಕೆ ಹರಡಿದ ಮೇಲೆ, ಜೂಮಿನ ತುತ್ತತುದಿಯಲ್ಲಿ 16 ಮೆಗಾಪಿಕ್ಸೆಲ್ ಎಂಬ ಮಾತಿಗೆ ಅರ್ಥವೆಷ್ಟು? ಲೆನ್ಸಿಗೆ ಸಿಗದ ವಿವರವನ್ನು ಸಾಫ್ಟ್‌ವೇರ್ ಊಹಿಸಿ ತುಂಬಬಹುದು, ಮರಳಿ ತರಲಾರದು.

ಹಾಗೆಂದು ಇವನ್ನು ಆಟಿಕೆ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಠಾಣೆ ಕ್ರೀಕಿನ ಕೆಸರಿನಲ್ಲಿ ಮೇಯುವ ರಾಜಹಂಸಗಳಲ್ಲಿ ಎರಡು ಬಗೆ: ದೊಡ್ಡದರ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು, ಚಿಕ್ಕದರದು ಇಡಿಯಾಗಿ ಗಾಢ ಬಣ್ಣ. ಒಳ್ಳೆಯ ಬಿಸಿಲಿನಲ್ಲಿ ಇಷ್ಟನ್ನು ತೋರಿಸಲು, ಅದೂ ಹಕ್ಕಿಗಳನ್ನು ಬೆದರಿಸದೆ ದೂರದಿಂದಲೇ, ಸೂಪರ್‌ಜೂಮ್ ಧಾರಾಳ ಸಾಕು. ಸಂಜೆಯ ಬೆಳಕಿನಲ್ಲಿ ಪುಟ್ಟ ಕಡಲಹಕ್ಕಿಯೊಂದರ ಗರಿಯ ಅಂಚು ನೋಡಿ ಜಾತಿ ಹೇಳಬೇಕೆಂದರೆ, ಸಾಲದು.

ಈ ವ್ಯತ್ಯಾಸ ತಿಳಿಯದಿದ್ದರೆ ಚಿತ್ರವನ್ನು ಸಾಕ್ಷಿ ಎಂದು ನಂಬುವ ಕಡೆಯಲ್ಲೆಲ್ಲ ಪೆಟ್ಟು ಬೀಳುತ್ತದೆ. ಪಿ1000ಕ್ಕಿಂತ ಮೊದಲು ಬಂದ ಪಿ900 ಕ್ಯಾಮೆರಾದಲ್ಲಿ ಫೋಕಸ್ ತಪ್ಪಿದ ನಕ್ಷತ್ರಗಳನ್ನು ಚಿತ್ರೀಕರಿಸಿ, ಆ ನಡುಗುವ ಬಿಲ್ಲೆಗಳೇ ನಕ್ಷತ್ರಗಳ ನಿಜರೂಪ ಎಂದು ವಾದಿಸಿದ ಚಪ್ಪಟೆ ಭೂಮಿಯ ಭಕ್ತರಿದ್ದಾರೆ. ಜೂಮ್ ಮಾಡಿದ್ದೆಲ್ಲ ಸತ್ಯ ಎಂಬ ನಂಬಿಕೆ ಅಲ್ಲಿಯವರೆಗೂ ಕರೆದೊಯ್ಯುತ್ತದೆ.

ಸೋನಿ ಆರ್‌ಎಕ್ಸ್10 ಮಾರ್ಕ್ 4ರ ಜೂಮ್ ಬರೀ 25ಎಕ್ಸ್. ಆದರೆ ಸೆನ್ಸರ್ ನಾಲ್ಕು ಪಟ್ಟು ದೊಡ್ಡದು, ಜೂಮಿನ ಕೊನೆಯಲ್ಲೂ ಎಫ್/4. ಬೆಲೆ ಹೆಚ್ಚು, ಹಕ್ಕಿ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೂ ಎಕ್ಸ್ ಒಂದನ್ನೇ ನೋಡುವವರಿಗೆ ಇದು ಐದು ಪಟ್ಟು ಕಳಪೆಯಾಗಿ ಕಾಣುವುದು ಯಾರ ತಪ್ಪು?

ಪೆಟ್ಟಿಗೆಯ ಮೇಲೆ ಎರಡು ಅಳತೆ ಕಡ್ಡಾಯವಾಗಲಿ: ಸೆನ್ಸರಿನ ಉದ್ದಗಲ ಮಿ.ಮೀ.ನಲ್ಲಿ, ಮತ್ತು 'ಸಮಾನ' ಎಂದು ಬರೆಯುವುದಾದರೆ ಫೋಕಲ್ ಲೆಂಗ್ತಿನ ಜೊತೆ ಎಫ್ ಸಂಖ್ಯೆಯೂ. ಅಲ್ಲಿಯತನಕ ಅಂಗಡಿಯಲ್ಲಿ ಎಕ್ಸ್ ಎಷ್ಟು ಎಂದು ಕೇಳಬೇಡಿ. ಸೆನ್ಸರ್ ಎಷ್ಟು ಮಿ.ಮೀ., ಜೂಮ್ ಪೂರ್ತಿ ಎಳೆದಾಗ ಎಫ್ ಎಷ್ಟು ಎಂದು ಕೇಳಿ.