ದಾಳ ಕಂಡೊಡನೆ ಗಾಬರಿ ಏಕೆ?

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಐವತ್ತು ವರ್ಷ ದಾಟಿದ ಈ ಆಟ ಈಗ ನಮ್ಮ ಮಕ್ಕಳ ಕೈಗೂ ಬಂದಿದೆ. ನೌಪಾಡಾದ ನಮ್ಮ ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸದು. ದಾಳ ಕಂಡರೆ ಜೂಜು ಎನ್ನುತ್ತಾರೆ. ಪುಸ್ತಕ ಕಂಡರೆ ಪರದೇಶದ ಹುಚ್ಚು ಎನ್ನುತ್ತಾರೆ. ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ.

ಜೂಜಿನಲ್ಲಿ ಪಣವಿರುತ್ತದೆ. ಇಲ್ಲಿ ಪಣವಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಇಲ್ಲ. ಗೋಡೆ ಹಾರಲು ಹೊರಟವನು ಹಾರಿದನೋ ಬಿದ್ದನೋ ಎಂಬುದನ್ನಷ್ಟೇ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮುಂದಿನ ಕಥೆ ಆಡುವವರ ನಾಲಗೆಗೆ ಬಿಟ್ಟದ್ದು.

ಪರದೇಶದ ಹುಚ್ಚೆಂಬ ಮಾತಿಗೆ ನಮ್ಮ ತಾಳಮದ್ದಳೆಯೇ ಉತ್ತರ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿ ಕುಳಿತಲ್ಲೇ ವಾಲಿಯಾಗುತ್ತಾನೆ, ಕೌರವನಾಗುತ್ತಾನೆ. ಎದುರಾಳಿಯ ಪ್ರಶ್ನೆಗೆ ಆ ಕ್ಷಣವೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಗೆ ತಲೆದೂಗಿದವರು ಮಕ್ಕಳ ಮೇಜನ್ನು ಹೀಗಳೆಯುವುದು ಸರಿಯೇ? ಭೇದವಿಲ್ಲವೆಂದಲ್ಲ. ಪ್ರಸಂಗದಲ್ಲಿ ವಾಲಿ ಸಾಯುವುದು ನಿಶ್ಚಿತ. ದಾಳದ ಆಟದಲ್ಲಿ ಕೊನೆ ಯಾರಿಗೂ ತಿಳಿಯದು. ಆದರೆ ಎರಡಕ್ಕೂ ಬೇಕಾದ ಬಂಡವಾಳ ಒಂದೇ, ಅದು ಮಾತು.

ನಿಜವಾದ ಆತಂಕ ಇರುವುದು ಇಲ್ಲಿಯೇ. ಆ ಮಾತು ಯಾವ ಭಾಷೆಯದು? ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಮನೆಯಲ್ಲಿ ಊಟ-ತಿಂಡಿಗೆ ಸಾಲುವಷ್ಟು ಕನ್ನಡ. ರಾಜ್ಯೋತ್ಸವದಂದು ಉರು ಹೊಡೆದ ನಾಲ್ಕು ಸಾಲು ಒಪ್ಪಿಸಿ ವೇದಿಕೆ ಇಳಿದ ಮಗುವಿಗೆ ವಾದಿಸುವ, ಬೇಡುವ, ಬೆದರಿಸುವ, ಸಂಧಾನ ಮಾಡುವ ಕನ್ನಡ ಎಲ್ಲಿಂದ ಬರಬೇಕು?

ನಿಯಮದ ಪುಸ್ತಕ ಇಂಗ್ಲಿಷಿನದಾದರೇನು? 2000ದಿಂದ ಇದ್ದ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಅದರ ಒಡೆತನದ ಕಂಪನಿ 2023ರ ಜನವರಿಯಲ್ಲಿ ಹೊರಟಾಗ ಆಟಗಾರರೇ ದನಿಯೆತ್ತಿದರು; ಕಂಪನಿ ಹಿಂದೆ ಸರಿಯಿತು. ಅದೇ ತಿಂಗಳು ಮೂಲ ನಿಯಮಗಳು ಎಲ್ಲರಿಗೂ ಮುಕ್ತವಾದವು. ಮೂಲವನ್ನು ಹೆಸರಿಸಿದರೆ ಅವನ್ನು ಕನ್ನಡಕ್ಕೆ ತರಲು ಅಡ್ಡಿಯಿಲ್ಲ. ಆಟದ ಭವಿಷ್ಯ ಕಂಪನಿಯ ಕಪಾಟಿನಲ್ಲಿಲ್ಲ, ಆಡುವವರ ಬಾಯಲ್ಲಿದೆ.

ಆದುದರಿಂದ ನಮ್ಮ ಸಂಘಗಳಲ್ಲಿ ನಮ್ಮ ಒತ್ತಾಯ ಇಷ್ಟೇ: ತಿಂಗಳಿಗೊಂದು ಭಾನುವಾರ ಒಂದು ಕೋಣೆ, ಒಂದು ಮೇಜು ಕೊಡಿ. ಪಕ್ಕದಲ್ಲಿ ಅನುಭವಿ ಅರ್ಥಧಾರಿಯೊಬ್ಬರನ್ನು ಕೂರಿಸಿ. ಆಟ ಕನ್ನಡದಲ್ಲೇ ನಡೆಯಲಿ; ಮಾತು ತಪ್ಪಿದರೆ ಯಾರೂ ನಗದಿರಲಿ. ಬಾಗಿಲು ಮುಚ್ಚಿದರೆ ಮಕ್ಕಳು ಆಟ ಬಿಡುವುದಿಲ್ಲ. ಕನ್ನಡ ಬಿಟ್ಟು ಆಡುತ್ತಾರೆ.