ಗಂಟಲು ನಮ್ಮದು, ಡಾಕ್ಟರಿಕೆ ಔಷಧಿ ಅಂಗಡಿಯದೇ?

ನೆಗಡಿ ಬಂತು, ಹೋಯ್ತು. ಗಂಟಲು ನೋವು ಮಾತ್ರ ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ. ಊರಲ್ಲಿ ಈಗ ಯಾರನ್ನು ಕೇಳಿದರೂ ಇದೇ ಕತೆ. ಕಂಡಕ್ಟರಿಗೆ ‘ರೈಟ್ ರೈಟ್’ ಅನ್ನೋಕೆ ದನಿ ಇಲ್ಲ. ಜವಳಿ ಅಂಗಡಿಯವರು ಗಿರಾಕಿಗೆ ಬೆರಳಲ್ಲೇ ರೇಟು ತೋರಿಸುತ್ತಾರೆ.

ಇವರೆಲ್ಲ ಸಂಜೆ ಹೋಗುವುದು ಔಷಧಿ ಅಂಗಡಿಗೆ. ‘ಸ್ಟ್ರಾಂಗಾಗಿ ಏನಾದ್ರೂ ಕೊಡಿ ಸಾರ್’ ಅಂದರೆ ಸಾಕು, ಚೀಟಿ ಕೇಳುವವರಿಲ್ಲ. ಮೂರು ಅಜಿತ್ರೋಮೈಸಿನ್ ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಡುತ್ತಾರೆ. ಎರಡು ದಿನಕ್ಕೆ ಗಂಟಲು ಹಗುರ. ಮಾತ್ರೆಗೆ ಒಳ್ಳೇ ಹೆಸರು!

ಅಸಲು ವಿಷಯ ಬೇರೆ. ನೆಗಡಿ ತರುವುದು ವೈರಸ್. ಈ ಮಾತ್ರೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಇಂಥ ಗಂಟಲು ನೋವು ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತೆ. ಕೆಮ್ಮು ಮೂರು ವಾರ ಎಳೆಯಬಹುದು. ಸುಮ್ಮಸುಮ್ಮನೆ ಮಾತ್ರೆ ನುಂಗಿದರೆ ಮೈಯೊಳಗಿನ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಪಳಗುತ್ತವೆ. ನಾಳೆ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೈಕೊಡುತ್ತೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದಾಗಲೇ ಈ ಎಚ್ಚರಿಕೆ ಕೊಟ್ಟಿದ್ದ.

ಕಾನೂನು ಇಲ್ಲವೇ? ಇದೆ. ಇಂಥ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಸೆಫಿಕ್ಸಿಮ್‌ನಂಥವನ್ನು ಮಾರಿದರೆ ರೋಗಿಯ ಮತ್ತು ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕೆಂದು 2014ರಿಂದ ನಿಯಮವಿದೆ. ಅಧಿಕಾರಿಗಳು ಒಂದು ಸಂಜೆ ಬಂದು ಆ ರಿಜಿಸ್ಟರ್ ತೆರೆಸಿ ನೋಡಲಿ.

ಆದರೆ ಔಷಧಿ ಅಂಗಡಿಯವರನ್ನಷ್ಟೇ ದೂರಿದರೆ ನ್ಯಾಯವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕಾದರೆ ಬೆಳಗಿನ ವ್ಯಾಪಾರ ಬಿಡಬೇಕು, ಕೂಲಿಯವನು ಅರ್ಧ ದಿನದ ಕೂಲಿ ಬಿಡಬೇಕು. ಸಂಜೆ ಬಿಡುವಾದಾಗ ಅಲ್ಲಿ ಎಮರ್ಜೆನ್ಸಿ ಬಿಟ್ಟರೆ ಬೇರೆ ಬಾಗಿಲು ತೆರೆದಿರಲ್ಲ. ಸಂಜೆ ಎರಡು ಗಂಟೆಯಾದರೂ ಒಬ್ಬ ಡಾಕ್ಟರನ್ನು ಕೂರಿಸಿ ಸ್ವಾಮೀ. ಆಮೇಲೆ ಜನರಿಗೆ ಬುದ್ಧಿ ಹೇಳಿ.

ಅಲ್ಲೀತನಕ ನಮ್ಮ ಕೈಯಲ್ಲಿರೋದು ಇಷ್ಟು. ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ. ನೀರು, ಗಂಜಿ, ತಿಳಿಸಾರು ಕುಡಿಯಿರಿ. ಬೀಡಿ ಸಿಗರೇಟು ಬಿಡಿ. ಗಂಟಲಿಗೆ ರಜಾ ಕೊಡಿ.

ಎಂಜಲು ನುಂಗಲಾಗದಿದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಜ್ವರ ಮೂರು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಮಕ್ಕಳಿಗೆ ಕೆಮ್ಮು ನೆಗಡಿ ಇಲ್ಲದೆ ಜ್ವರ, ಗಂಟಲು ನೋವು ಬಂದರೆ ಉದಾಸೀನ ಬೇಡ. ಕೆಲವೊಮ್ಮೆ ಅದು ಬ್ಯಾಕ್ಟೀರಿಯಾ ಸೋಂಕು. ಬಿಟ್ಟರೆ ಮುಂದೆ ಹೃದಯದ ಕವಾಟ ಕೆಡಿಸಬಹುದು. ಅಲ್ಲಿ ಮಾತ್ರೆ ಬೇಕೇ ಬೇಕು, ಡಾಕ್ಟರು ಹೇಳಿದಷ್ಟು ದಿನ ಪೂರ್ತಿ. ದನಿ ಮೂರು ವಾರವಾದರೂ ಒಡೆದೇ ಇದ್ದರೆ, ಅದರಲ್ಲೂ ಹೊಗೆಸೊಪ್ಪು, ಗುಟ್ಕಾ ಹಾಕುವವರು, ಗಂಟಲು ಪರೀಕ್ಷೆ ಮಾಡಿಸಲೇಬೇಕು.

ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ‘ಚೀಟಿ ಬೇಕಲ್ಲ ಸಾರ್?’ ಎಂದು ನಾವೇ ಕೇಳೋಣ. ಕೇಳೋಕೆ ದನಿ ಇಲ್ಲದಿದ್ದರೆ, ಬೆರಳಿಟ್ಟು ತೋರಿಸೋಣ.